ಫೈನಾನ್ಸಾ, ಎಕನಾಮಿಕ್ಸಾ? ಪಿಯುಸಿಯಲ್ಲಿ ಮ್ಯಾಥ್ಸ್ ಇಲ್ಲದವಳು ಡಿಗ್ರಿ ಹೇಗೆ ಪ್ಲಾನ್ ಮಾಡುವುದು?

ಮಲ್ಪೆ ಹುಡುಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು. ಪುರುಸೊತ್ತು ಇದ್ದಾಗ ಓದಿ ಹೇಳಿ.

ನನ್ನ ಫಸ್ಟ್ ಪಿಯುಸಿ ಮುಗಿಯಿತು. ಕಾಮರ್ಸ್, ಸೆಬಾ. ಅಂದರೆ ಸ್ಟಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಮ್ಯಾಥ್ಸ್ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಮ್ಯಾಥ್ಸಿಗೆ 94 ಬಂದಿತ್ತು. ಆದರೆ ಅಡ್ಮಿಷನ್ ದಿನ ಕೌಂಟರಿನಲ್ಲಿ ಕೂತವರು, "ಕಾಮರ್ಸಿಗೆ ಮ್ಯಾಥ್ಸ್ ಎಂತಕ್ಕೆ? ಸುಮ್ನೆ ಪರ್ಸೆಂಟೇಜ್ ಹಾಳು" ಅಂದರು. ಅಪ್ಪನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವರು ಹೇಳಿದ ಹಾಗೆ ಫಾರ್ಮ್ ತುಂಬಿಸಿ ಕೊಟ್ಟೆವು. ಈಗ ಡಿಗ್ರಿ ಬಗ್ಗೆ ಹುಡುಕಿದರೆ ಒಳ್ಳೆಯ ಕಡೆಯೆಲ್ಲ ಮ್ಯಾಥ್ಸ್ ಕೇಳುತ್ತಾರೆ. ಡೆಲ್ಲಿ ಯೂನಿವರ್ಸಿಟಿಯ ಎಕನಾಮಿಕ್ಸ್ ಆನರ್ಸಿಗೆ ಸಿಯುಇಟಿ ಪ್ರವೇಶ ಪರೀಕ್ಷೆಯಲ್ಲಿ ಮ್ಯಾಥ್ಸ್ ಬರೆಯಲೇಬೇಕಂತೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮನೆ ವಿಷಯವನ್ನೂ ಹೇಳುತ್ತೇನೆ. ಇಲ್ಲದಿದ್ದರೆ ನಾನು ಯಾಕೆ ಕೇಳುತ್ತಿದ್ದೇನೆ ಅಂತ ಅರ್ಥ ಆಗುವುದಿಲ್ಲ. ಅಪ್ಪ ಮಲ್ಪೆಯಲ್ಲಿ ಒಬ್ಬರ ಟ್ರಾಲ್ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟ್ ನಡೆಸುವವರು. ಸ್ವಂತ ಬೋಟ್ ಇಲ್ಲ, ಪಾಲಿನ ದುಡ್ಡು. ಅಮ್ಮ ಬೆಳಿಗ್ಗೆ ಬಂದರಿನಲ್ಲಿ ಏಲಂ ಕೂಗಿ ಮೀನು ತಗೊಂಡು ಉಡುಪಿ ಮಾರ್ಕೆಟಿನಲ್ಲಿ ಮಾರುತ್ತಾರೆ. ಅಮ್ಮನ ಲೆಕ್ಕದ ಪುಸ್ತಕ ಬರೆಯುವುದು ನಾನು, ಎಂಟನೇ ಕ್ಲಾಸಿನಿಂದ. ದಿನಕ್ಕೆ ಒಂದು ಪುಟ. ಬುಟ್ಟಿ ಎಷ್ಟಕ್ಕೆ ಬಿತ್ತು, ಐಸಿಗೆ ಎಷ್ಟು, ರಿಕ್ಷಾಕ್ಕೆ ಎಷ್ಟು, ಸಂಜೆ ಎಷ್ಟು ಉಳಿಯಿತು, ಉಳಿದದ್ದರಲ್ಲಿ ಒಣಗಿಸಲು ಹಾಕಿದ್ದು ಎಷ್ಟು. ಹೀಗೆ ನಾಲ್ಕು ಪುಸ್ತಕ ಆಗಿದೆ. ಕೆಲವು ಪುಟದಲ್ಲಿ ಐಸ್ ನೀರು ಬಿದ್ದು ಶಾಯಿ ಹರಡಿದೆ. ಆದರೂ ಓದಬಹುದು.

ಕಳೆದ ಅಕ್ಟೋಬರಿನಲ್ಲಿ ಒಂದು ವಾರ ಬಂಗುಡೆ ರಾಶಿ ಬಿತ್ತು. ಸೋಮವಾರ ಬುಟ್ಟಿಗೆ 2,400 ಇದ್ದದ್ದು ಗುರುವಾರ 1,100. ಆದರೆ ಮಾರ್ಕೆಟಿನಲ್ಲಿ ಅಮ್ಮ ಮಾರುವ ರೇಟು ಅಷ್ಟು ಇಳಿಯಲಿಲ್ಲ. 100 ರೂಪಾಯಿಗೆ ಆರು ಕೊಡುತ್ತಿದ್ದರು, ಎಂಟು ಕೊಟ್ಟರು, ಅಷ್ಟೆ. ಆ ವಾರ ಅಮ್ಮನ ಕೈಯಲ್ಲಿ ಜಾಸ್ತಿ ಉಳಿಯಿತು. ಅದೇ ವಾರ ಅಪ್ಪನ ಪಾಲು ಅರ್ಧಕ್ಕೆ ಬಂತು. ಬೋಟಿನ ತುಂಬ ಮೀನು ತಂದದ್ದಕ್ಕೆ! ಒಂದೇ ಮನೆ, ಒಂದೇ ಮೀನು. ಯಾಕೆ ಹೀಗೆ ಅಂತ ಕ್ಲಾಸಿನಲ್ಲಿ ಕೇಳಿದೆ. ಎಲಾಸ್ಟಿಸಿಟಿ, ಅಂದರೆ ರೇಟು ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವ ಪಾಠ, ಮುಂದೆ ಬರುತ್ತದೆ, ಆಗ ನೋಡುವ ಅಂದರು. ಪಾಠ ಬಂತು, ಡೆಫಿನಿಷನ್ ಬರೆಸಿದರು, ಮುಂದೆ ಹೋದರು. ನನ್ನ ಪ್ರಶ್ನೆ ಹಾಗೇ ಉಳಿದಿದೆ.

ನನಗೆ ಇಂಥದ್ದನ್ನೇ ಓದಬೇಕು ಅಂತ ಆಸೆ. ಮುಂಬೈಯಲ್ಲಿರುವ ಸೋದರಮಾವ, ಬಿಕಾಂ ಫೈನಾನ್ಸ್ ಮಾಡು, ಜೊತೆಗೆ ಸಿಎ ಕಟ್ಟು ಅನ್ನುತ್ತಾರೆ. ಅಪ್ಪನಿಗೆ ಬ್ಯಾಂಕ್ ಕೆಲಸ ಸಿಕ್ಕಿದರೆ ಸಾಕು. ಬಿಎ ಎಕನಾಮಿಕ್ಸ್ ಅಂದರೆ ಮಾರ್ಕ್ ಇಲ್ಲದವರು ಸೇರುವುದು ಅಂತ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಫೈನಾನ್ಸ್ ಬೇರೆ, ಎಕನಾಮಿಕ್ಸ್ ಬೇರೆಯಾ? ಎರಡನ್ನೂ ಒಟ್ಟಿಗೆ ಓದಬಹುದಾ? ಮ್ಯಾಥ್ಸ್ ಬಿಟ್ಟದ್ದಕ್ಕೆ ಈಗ ದಾರಿ ಉಂಟಾ? ಇನ್ನು ಒಂದು ವರ್ಷ ಸಮಯ ಉಂಟು. ಹೊರಗೆ ಹಾಸ್ಟೆಲಿನಲ್ಲಿ ಇಟ್ಟು ಓದಿಸುವಷ್ಟು ದುಡ್ಡು ಮನೆಯಲ್ಲಿ ಇಲ್ಲ. ತಮ್ಮನೂ ಇದ್ದಾನೆ, ಒಂಬತ್ತನೇ ಕ್ಲಾಸ್.

—

ಕಟಪಾಡಿಯ ನಿವೃತ್ತ ಬ್ಯಾಂಕಿನವ:

ನೀನು ಅಂತಲೇ ಬರೆಯುತ್ತೇನೆ ಮಗಳೇ, ನನ್ನ ಮೊಮ್ಮಗಳ ವಯಸ್ಸು ನಿನ್ನದು.

ನಾನು 1981ರಲ್ಲಿ ಕ್ಲರ್ಕ್ ಆಗಿ ಸೇರಿದವನು. ಆಗ ಉಡುಪಿ ಬೇರೆ ಜಿಲ್ಲೆ ಆಗಿರಲಿಲ್ಲ. ನಮ್ಮ ಕಡೆ ಬ್ಯಾಂಕ್ ಅಂದರೆ ಊರಿನ ಬೆಳೆ ಇದ್ದ ಹಾಗೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕ್ ಶುರು ಮಾಡಿದರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕ್ ಶುರು ಮಾಡಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ತಂದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆ ಬಾಗಿಲಿಗೆ ಬಂದು ತಗೊಂಡು ಹೋಗುತ್ತಿದ್ದ. ನಾನು ಕೌಂಟರಿನಲ್ಲಿ ಕೂರುವಾಗ ಮೀನು ಮಾರುವ ಹೆಂಗಸರ ಪಿಗ್ಮಿ ದುಡ್ಡು ಬರುತ್ತಿತ್ತು. ನಾಣ್ಯಗಳಿಗೆ ಉಪ್ಪುನೀರಿನ ಅಂಟು, ಒಂದಕ್ಕೊಂದು ಕಚ್ಚಿಕೊಂಡಿರುತ್ತಿದ್ದವು. ಆ ದುಡ್ಡು ಸೇರಿಸಿ ಮಕ್ಕಳನ್ನು ಓದಿಸಿದವರನ್ನು, ಮನೆಗೆ ಹಂಚು ಹಾಕಿಸಿದವರನ್ನು ಕಣ್ಣಾರೆ ನೋಡಿದ್ದೇನೆ. ನಿನ್ನ ಅಮ್ಮನ ಪುಸ್ತಕದ ವಿಷಯ ಓದುವಾಗ ಅದೆಲ್ಲ ನೆನಪಾಯಿತು.

ಈಗ ಕೆಲಸದ ಮಾತು. ಅಪ್ಪ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ನಮ್ಮ ಕಾಲದ ಲೆಕ್ಕ ಈಗ ನಡೆಯುವುದಿಲ್ಲ. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾದ ಜೊತೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾದ ಜೊತೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನ ಜೊತೆ ಸೇರಿತು. ಊರಿನಲ್ಲಿ ಸೇರಿ ಊರಿನಲ್ಲೇ ರಿಟೈರ್ ಆಗುವುದು ಇನ್ನು ಕಷ್ಟ. ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ. ಬ್ಯಾಂಕ್ ಆಫೀಸರ್ ಆಗುವ ಐಬಿಪಿಎಸ್ ಪಿಓ ಪರೀಕ್ಷೆ ಬರೆಯಲು ಯಾವ ಡಿಗ್ರಿ ಆದರೂ ನಡೆಯುತ್ತದೆ, ವಯಸ್ಸು 20ರಿಂದ 30. ಬಿಕಾಂ ಆದವನಿಗೆ ಅಲ್ಲಿ ಒಂದು ಮಾರ್ಕೂ ಹೆಚ್ಚು ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಆಫೀಸರ್ ಪರೀಕ್ಷೆಗೂ ಡಿಗ್ರಿ ಯಾವುದಾದರೂ ಆಗುತ್ತದೆ, ಆದರೆ ಜನರಲ್‌ನವರಿಗೆ 60 ಪರ್ಸೆಂಟ್ ಬೇಕು. ಹಾಗಾಗಿ ಏನೇ ಸೇರು, 60ರ ಕೆಳಗೆ ಇಳಿಯಬೇಡ. ಅದೇ ರಿಸರ್ವ್ ಬ್ಯಾಂಕಿನಲ್ಲಿ ಎಕನಾಮಿಕ್ಸ್ ಎಂಎ ಆದವರಿಗೆ ಬೇರೆಯೇ ಹುದ್ದೆ ಉಂಟು, ಸ್ಟಾಟಿಸ್ಟಿಕ್ಸಿನವರಿಗೆ ಇನ್ನೊಂದು. ಬ್ಯಾಂಕಿಗೆ ಬಿಕಾಂ ಮಾತ್ರ ದಾರಿ ಅನ್ನುವುದು ತಪ್ಪು ಅಂತ ಅಪ್ಪನಿಗೆ ನನ್ನ ಹೆಸರಿನಲ್ಲೇ ಹೇಳು.

ರಜೆಯಲ್ಲಿ ಒಮ್ಮೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೇ ಮನೆಗೆ ಹೋಗಿ ಬಾ. ಬ್ಯಾಂಕಿನವರು ಅಲ್ಲಿ ನಾಣ್ಯಗಳ ಮ್ಯೂಸಿಯಂ ಮಾಡಿದ್ದಾರೆ. ತಮ್ಮನನ್ನೂ ಕರೆದುಕೊಂಡು ಹೋಗು.

—

ಕೊಣಾಜೆ ಬಸ್ಸಿನ ಅಕ್ಕ:

ತಂಗಿ, ನಿನ್ನ ಪೋಸ್ಟ್ ಎರಡು ಸಲ ಓದಿದೆ. ನನ್ನದೂ ಹೆಚ್ಚು ಕಡಿಮೆ ಇದೇ ಕಥೆ. ಅದಕ್ಕೇ ಉದ್ದ ಬರೆಯುತ್ತೇನೆ.

ನಾನು ಪುತ್ತೂರಿನ ಹತ್ತಿರದ ಹಳ್ಳಿಯವಳು, ಕನ್ನಡ ಮೀಡಿಯಂ. ಮಂಗಳೂರಿನಲ್ಲಿ ಬಿಎ ಮಾಡಿದೆ. ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್. ಆಮೇಲೆ ಕೊಣಾಜೆಯ ಮಂಗಳೂರು ಯೂನಿವರ್ಸಿಟಿಯಲ್ಲಿ ಎಂಎ ಎಕನಾಮಿಕ್ಸ್. ಎಂಎ ಶುರುವಾದ ಎರಡನೇ ವಾರ ಸರ್ ಬೋರ್ಡಿನ ಮೇಲೆ ಡಿ ವೈ ಬೈ ಡಿ ಎಕ್ಸ್ ಬರೆದು, ಇದು ನಿಮಗೆ ಗೊತ್ತಿರಬೇಕು ಅಂತ ಮುಂದೆ ಹೋದರು. ನನಗೆ ಗೊತ್ತಿರಲಿಲ್ಲ. ಪಕ್ಕದವಳಿಗೂ ಗೊತ್ತಿರಲಿಲ್ಲ. ಆ ಸಂಜೆ ಹಂಪನಕಟ್ಟೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಪಿಯುಸಿ ಮ್ಯಾಥ್ಸ್ ಪುಸ್ತಕ ತಗೊಂಡೆ. ಯಾರದೋ ಹೆಸರು, ಯಾರದೋ ಪೆನ್ಸಿಲ್ ಗುರುತು ಅದರ ತುಂಬ. ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ಬಸ್ ಹತ್ತಿ ಕಿಟಕಿ ಸೀಟು ಹಿಡಿದರೆ, ನೇತ್ರಾವತಿ ಸೇತುವೆ ದಾಟುವಷ್ಟರಲ್ಲಿ ಒಂದು ಲೆಕ್ಕ, ತೊಕ್ಕೊಟ್ಟಿನಿಂದ ದೇರಳಕಟ್ಟೆಗೆ ಇನ್ನೊಂದು. ಒಂದು ಸೆಮಿಸ್ಟರ್ ಪೂರ್ತಿ ಹೀಗೆ ಮಾಡಿದೆ. ಆ ವರ್ಷ ಅತ್ತದ್ದೂ ಉಂಟು. ಈಗ ಬೆಂಗಳೂರಿನಲ್ಲಿ ಮನೆಮನೆ ಸಮೀಕ್ಷೆಯ ಅಂಕಿಅಂಶ ನೋಡುವ ಕೆಲಸ ನನ್ನದು. ಊಟ ಹಾಕುವುದು ಆ ಬಸ್ಸಿನಲ್ಲಿ ಕಲಿತ ಮ್ಯಾಥ್ಸೇ. ನೀನು ಎಂಎ ತನಕ ಕಾಯಬೇಡ ಅಂತ ಮೊದಲೇ ಹೇಳುತ್ತೇನೆ.

ಫೈನಾನ್ಸ್ ಬೇರೆಯಾ, ಎಕನಾಮಿಕ್ಸ್ ಬೇರೆಯಾ ಅಂತ ಕೇಳಿದೆ ಅಲ್ವಾ? ನಿನ್ನ ಅಪ್ಪನ ಬೋಟನ್ನೇ ತಗೋ. ಕಳೆದ ಟ್ರಿಪ್ಪಿನಲ್ಲಿ ಎಷ್ಟು ಬಂತು, ಎಷ್ಟು ಹೋಯಿತು, ಯಾರ ಪಾಲು ಎಷ್ಟು ಅಂತ ಸರಿಯಾಗಿ ಬರೆಯುವುದು ಅಕೌಂಟೆನ್ಸಿ. ಅದು ನಿನಗೆ ಎಂಟನೇ ಕ್ಲಾಸಿನಿಂದ ಗೊತ್ತು. ಬೋಟ್ ತೆಗೆಯಲು ಸಾಲ ಎಲ್ಲಿಂದ, ಬಡ್ಡಿ ಎಷ್ಟು, ಜೂನ್ 1ರಿಂದ ಜುಲೈ 31ರ ತನಕ ಟ್ರಾಲಿಂಗ್ ಬಂದ್ ಇರುವ 61 ದಿನ ಕಂತು ಹೇಗೆ ಕಟ್ಟುವುದು, ಒಂದು ತೂಫಾನಿಗೆ ಬಲೆ ಹೋದರೆ ಯಾರು ಹೊರುವುದು, ಇದು ಫೈನಾನ್ಸ್. ಬಂಗುಡೆ ಜಾಸ್ತಿ ಬಿದ್ದರೆ ಅಪ್ಪನಿಗೆ ಯಾಕೆ ನಷ್ಟ, ಆ 61 ದಿನದ ಬಂದ್‌ನಿಂದ ಮುಂದಿನ ವರ್ಷದ ಮೀನು ಹೇಗೆ ಹೆಚ್ಚುತ್ತದೆ, ಡೀಸೆಲಿಗೆ ಸರಕಾರ ತೆರಿಗೆ ಬಿಟ್ಟರೆ ಲಾಭ ಯಾರ ಕೈಗೆ ಹೋಗುತ್ತದೆ, ಇದು ಎಕನಾಮಿಕ್ಸ್. ಬೋಟ್ ಒಂದೇ. ನೀನು ಕೇಳಿದ ಪ್ರಶ್ನೆ ಮೂರನೇ ಜಾತಿಯದ್ದು. ಅದಕ್ಕೇ ಹೇಳುತ್ತೇನೆ, ನಿನ್ನ ಮನಸ್ಸು ಎಕನಾಮಿಕ್ಸ್ ಕಡೆ ಉಂಟು.

ನಿನ್ನ ಬಂಗುಡೆಗೆ ನಾನು ಕೊಡುವ ಉತ್ತರ ಇದು. ಬಂದರಿಗೆ ಬಂದ ಮೀನು ಕಾಯುವುದಿಲ್ಲ. ಎಷ್ಟು ಬಿದ್ದಿದೆಯೋ ಅಷ್ಟನ್ನೂ ಅವತ್ತೇ ಮಾರಬೇಕು. ತಗೊಳ್ಳುವವರು ಅಷ್ಟೇ ಜನ, ಅವರ ಹತ್ತಿರ ಐಸ್ ಬಾಕ್ಸೂ ಅಷ್ಟೇ. ಅವರನ್ನು ಇನ್ನೂ ನಾಲ್ಕು ಬುಟ್ಟಿ ತಗೊಳ್ಳುವ ಹಾಗೆ ಮಾಡಬೇಕಾದರೆ ರೇಟು ತುಂಬ ಇಳಿಯಬೇಕು. ಮೀನು ಹೆಚ್ಚಿದ್ದಕ್ಕಿಂತ ರೇಟು ಜಾಸ್ತಿ ಇಳಿದರೆ ಒಟ್ಟು ದುಡ್ಡು ಕಡಿಮೆ. ಅಪ್ಪನ ಪಾಲು ಹೋದದ್ದು ಅಲ್ಲಿ. ಅಮ್ಮನ ಕಡೆ ಬೇರೆ. ರಿಕ್ಷಾ ಬಾಡಿಗೆ ಇಳಿಯಲಿಲ್ಲ, ಐಸ್ ರೇಟು ಇಳಿಯಲಿಲ್ಲ, ಕೂತು ಮಾರುವ ಸಮಯವೂ ಇಳಿಯಲಿಲ್ಲ. ಮಾರ್ಕೆಟಿಗೆ ಬರುವವರಿಗೆ ನೆನಪಿರುವುದು ನಿನ್ನೆಯ ರೇಟು. ಅದಕ್ಕೆ ಅಲ್ಲಿ ನಿಧಾನಕ್ಕೆ ಇಳಿಯುತ್ತದೆ. ನಿನ್ನ ನಾಲ್ಕು ಪುಸ್ತಕದಲ್ಲಿ ಇದನ್ನು ಪರೀಕ್ಷೆ ಮಾಡಬಹುದು. ಬುಟ್ಟಿ ರೇಟು ಇಳಿದ ದಿನ ಮಾರ್ಕೆಟ್ ರೇಟು ಎಷ್ಟು ದಿನದ ನಂತರ ಇಳಿಯುತ್ತದೆ, ಏರುವಾಗಲೂ ಅಷ್ಟೇ ನಿಧಾನವಾ ಅಂತ ಎರಡು ಕಾಲಮ್ ಮಾಡಿ ನೋಡು. ಏರುವಾಗ ಬೇಗ ಏರುತ್ತದೆ ಅಂತ ನನ್ನ ಅಂದಾಜು.

ಈಗ ಮ್ಯಾಥ್ಸ್ ಯಾಕೆ ಬೇಕು ಅಂತ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಅಂಕಿ ನಾನೇ ಹಿಡಿದದ್ದು, ಸುಲಭಕ್ಕೆ. ಬೋಟ್ ಸಮುದ್ರದಲ್ಲಿ ಎಂಟು ದಿನ ಆಯಿತು. ಒಂಬತ್ತನೇ ದಿನ ನಿಂತರೆ ಡೀಸೆಲ್ ಮತ್ತು ಊಟಕ್ಕೆ 40,000. ಹೊಸ ಮೀನು 70,000ದ್ದು. ಆದರೆ ಒಳಗೆ ಇರುವ ಹಳೇ ಮೀನು ಒಂದು ದಿನ ಹಳತಾದದ್ದಕ್ಕೆ 15,000 ಕಡಿಮೆ. 70ರಲ್ಲಿ 40 ಕಳೆ, 15 ಕಳೆ, 15,000 ಲಾಭ. ನಿಲ್ಲಬಹುದು. ಹತ್ತನೇ ದಿನ? ಖರ್ಚು ಅದೇ 40,000. ಹೊಸ ಮೀನು 60,000. ಐಸ್ ಕರಗಿದೆ, ಹಳೇ ಮೀನಿಗೆ 25,000 ಹೊಡೆತ. ಈಗ 5,000 ನಷ್ಟ. ಟ್ರಿಪ್ ಒಟ್ಟು ನೋಡಿದರೆ ಆಗಲೂ ಲಾಭದಲ್ಲೇ ಉಂಟು. ಆದರೆ ಆ ಹತ್ತನೇ ದಿನ ನಷ್ಟದ್ದು. ಒಂಬತ್ತಕ್ಕೇ ತಿರುಗಬೇಕು. ಅಪ್ಪ ಇದನ್ನು ಕಾಗದ ಇಲ್ಲದೆ, ಮೀನಿನ ಕಿವಿರು ನೋಡಿ ಮಾಡುತ್ತಾರೆ. "ಇನ್ನೊಂದು" ದಿನಕ್ಕೆ ಎಷ್ಟು ಬದಲಾಗುತ್ತದೆ ಅಂತ ನೋಡುವುದೇ ಆ ಡಿ ವೈ ಬೈ ಡಿ ಎಕ್ಸ್. ದಿನದ ಬದಲು ಗಂಟೆ, ಗಂಟೆಯ ಬದಲು ನಿಮಿಷ ಅಂತ ಸಣ್ಣ ಮಾಡುತ್ತಾ ಹೋದರೆ ಕ್ಯಾಲ್ಕುಲಸ್. ಎಸ್ಸೆಸ್ಸೆಲ್ಸಿಯಲ್ಲಿ 94 ತೆಗೆದವಳಿಗೆ ಇದು ಹತ್ತದೇ ಇರುವುದಿಲ್ಲ.

ದಾರಿ ಉಂಟಾ ಅಂದರೆ ಉಂಟು. ಸೆಕೆಂಡ್ ಪಿಯುಸಿ ಮುಗಿದ ಮೇಲೆ ಕೇಂದ್ರದ ಓಪನ್ ಸ್ಕೂಲ್ ಆದ ಎನ್‌ಐಒಎಸ್‌ನಲ್ಲಿ ಹನ್ನೆರಡನೇ ಕ್ಲಾಸಿನ ಮ್ಯಾಥ್ಸ್ ಒಂದನ್ನೇ ಕಟ್ಟಿ ಬರೆಯಬಹುದು. ಪಾರ್ಟ್ ಅಡ್ಮಿಷನ್ ಅಂತ ಕೇಳಬೇಕು, ವಿಷಯದ ಕೋಡ್ 311. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್ ಸುತ್ತ ಒಮ್ಮೆ, ಅಕ್ಟೋಬರ್ ಸುತ್ತ ಒಮ್ಮೆ. ಡಿಗ್ರಿ ಮೊದಲ ವರ್ಷದ ಜೊತೆ ಬರೆದರೆ ಮುಗಿಯಿತು. ಇದು ಡೆಲ್ಲಿಗೆ ಹೋಗಲು ಅಂತ ಅಲ್ಲ. ಮುಂದೆ ಎಂಎ, ಎಂಎಸ್ಸಿಗೆ ಅರ್ಜಿ ಹಾಕುವಾಗ ಪಿಯುಸಿಯಲ್ಲಿ ಮ್ಯಾಥ್ಸ್ ಉಂಟಾ ಅಂತ ಕೇಳುವ ಕಡೆ ತೋರಿಸಲು ಒಂದು ಮಾರ್ಕ್ಸ್ ಕಾರ್ಡ್ ಇರುತ್ತದೆ. ಅರ್ಜಿ ಹಾಕುವ ಮೊದಲು ಆ ಕಾಲೇಜಿಗೆ ಮೇಲ್ ಮಾಡಿ ಉತ್ತರ ಲಿಖಿತವಾಗಿ ತರಿಸಿಕೋ. ಬಾಯಿಮಾತು ನಂಬಬೇಡ. ಕೌಂಟರಿನ ಬಾಯಿಮಾತಿನಿಂದಲೇ ಅಲ್ವಾ ಇಷ್ಟೆಲ್ಲ ಆದದ್ದು.

ಇನ್ನು ಕಾಲೇಜು. ದುಡ್ಡಿಲ್ಲ ಅಂತ ನೀನೇ ಹೇಳಿದೆ. ಹಾಗಾದರೆ ಮೂರು ವರ್ಷ ಮನೆಯಿಂದಲೇ ಹೋಗಿ ಬಾ, ದುಡ್ಡನ್ನು ಎಂಎಗೆ ಇಡು. ಮಲ್ಪೆಯಿಂದ ಉಡುಪಿ ಎಷ್ಟು ದೂರ ಅಂತ ನಿನಗೆ ನಾನು ಹೇಳಬೇಕಾ? ಅಜ್ಜರಕಾಡಿನಲ್ಲಿ ಸರಕಾರಿ ಮಹಿಳಾ ಕಾಲೇಜು ಉಂಟು. ಎಂಜಿಎಂ, ಪೂರ್ಣಪ್ರಜ್ಞ ಉಂಟು. ನಮ್ಮ ರಾಜ್ಯದಲ್ಲಿ 2024ರಿಂದ ಡಿಗ್ರಿ ಮತ್ತೆ ಮೂರು ವರ್ಷ ಆಗಿದೆ, ಅದೂ ಲೆಕ್ಕದಲ್ಲಿ ಇರಲಿ. ಹೊರಗಿನ ಕೆಲವು ಯೂನಿವರ್ಸಿಟಿಗಳಲ್ಲಿ ನಾಲ್ಕು.

ಸೇರುವಾಗ ಬೋರ್ಡಿನ ಮೇಲಿನ ಹೆಸರು ನೋಡಬೇಡ. ಬಿಕಾಂ ಫೈನಾನ್ಸ್, ಬಿಬಿಎ ಫೈನಾನ್ಸ್ ಅಂತ ಚಂದದ ಹೆಸರು ಇರುತ್ತದೆ. ಆರು ಸೆಮಿಸ್ಟರಿನ ಸಿಲೆಬಸ್ ಕೈಯಲ್ಲಿ ಹಿಡಿದು ಎಣಿಸು. ಮೈಕ್ರೋ ಎಷ್ಟು, ಮ್ಯಾಕ್ರೋ ಎಷ್ಟು, ಸ್ಟಾಟಿಸ್ಟಿಕ್ಸ್ ಎಷ್ಟು ಪೇಪರ್. ಕೆಲವು ಬಿಕಾಂಗಳಲ್ಲಿ ಎಕನಾಮಿಕ್ಸ್ ಒಂದೆರಡು ಪೇಪರಿಗೆ ಮುಗಿಯುತ್ತದೆ. ನನ್ನ ಕೇಳಿದರೆ, ಎಕನಾಮಿಕ್ಸ್ ಆರೂ ಸೆಮಿಸ್ಟರ್ ಮೇಜರ್ ಆಗಿ ಇರುವ, ಪಕ್ಕದಲ್ಲಿ ಸ್ಟಾಟಿಸ್ಟಿಕ್ಸ್ ಇರುವ ಡಿಗ್ರಿ ನಿನಗೆ ಸರಿ. ಅದು ಬಿಎ ಆದರೂ ಚಿಂತೆ ಇಲ್ಲ. ಓಣಿಯವರ ಮಾತು ಬಿಡು. ನನಗೂ ಹಾಗೇ ಹೇಳಿದ್ದರು, ಮನಸ್ಸಿಗೆ ಚುಚ್ಚಿತ್ತು. ಆದರೆ ಬಿಎ ಓದಿದ್ದಕ್ಕೆ ನನಗೆ ಯಾವ ಬಾಗಿಲೂ ಮುಚ್ಚಲಿಲ್ಲ. ಮ್ಯಾಥ್ಸ್ ಇಲ್ಲದ್ದಕ್ಕೆ ಎರಡು ಮುಚ್ಚಿದವು.

ಫೈನಾನ್ಸ್ ಆಮೇಲೆ ಸೇರಿಸಿಕೊಳ್ಳಬಹುದು. ಶೇರು ಮಾರ್ಕೆಟಿನ ಮೇಲೆ ಕಣ್ಣಿಡುವ ಸೆಬಿಯವರು ಕಟ್ಟಿದ ಎನ್‌ಐಎಸ್‌ಎಂನಲ್ಲಿ ಸಣ್ಣ ಸಣ್ಣ ಪರೀಕ್ಷೆಗಳು ಉಂಟು, ಮನೆಯಲ್ಲೇ ಓದಿಕೊಂಡು ಹೋಗಿ ಪರೀಕ್ಷೆ ಬರೆಯಬಹುದು. ಸಿಎಫ್‌ಎ ಅನ್ನುವ ವಿದೇಶಿ ಫೈನಾನ್ಸ್ ಪರೀಕ್ಷೆ ಬಗ್ಗೆ ಯಾರಾದರೂ ಹೇಳಿದರೆ ಈಗಲೇ ತಲೆ ಕೆಡಿಸಿಕೊಳ್ಳಬೇಡ. ಮೂರು ಹಂತ, ಫೀಸು ಡಾಲರಿನಲ್ಲಿ, ನಮ್ಮ ರೂಪಾಯಿಗೆ ಒಂದು ಹಂತಕ್ಕೇ ಲಕ್ಷದ ಆಸುಪಾಸು. ಕೆಲಸಕ್ಕೆ ಸೇರಿದ ಮೇಲೆ ಕಂಪನಿ ದುಡ್ಡಿನಲ್ಲಿ ಬರೆಯುವವರೂ ಇದ್ದಾರೆ.

—

ಕೊಡಿಯಾಲ್‌ಬೈಲ್ ಆರ್ಟಿಕಲ್:

ಸಿಎ ವಿಷಯ ಮಾತ್ರ ನಾನು ಹೇಳುತ್ತೇನೆ. ನಾನು ಮಂಗಳೂರಿನಲ್ಲಿ ಒಬ್ಬ ಸಿಎ ಹತ್ತಿರ ತರಬೇತಿ, ಅಂದರೆ ಆರ್ಟಿಕಲ್‌ಶಿಪ್ ಮಾಡುತ್ತಿದ್ದೇನೆ.

ನಾನು ಪಿಯುಸಿ ಆದ ತಕ್ಷಣ ಬಿಕಾಂ, ಸಿಎಯ ಮೊದಲ ಪರೀಕ್ಷೆಯಾದ ಫೌಂಡೇಶನ್ ಕೋಚಿಂಗ್, ಕಂಪ್ಯೂಟರ್ ಡಿಪ್ಲೊಮಾ ಮೂರೂ ಒಟ್ಟಿಗೆ ಹಿಡಿದೆ. ಬೆಳಿಗ್ಗೆ ಆರಕ್ಕೆ ಕೋಚಿಂಗ್, ಆಮೇಲೆ ಕಾಲೇಜು, ಸಂಜೆ ಡಿಪ್ಲೊಮಾ. ಅಟೆಂಡೆನ್ಸ್ 75 ಬೇಕಿತ್ತು, ನನ್ನದು 61. ಅಪ್ಪನನ್ನು ಕಾಲೇಜಿಗೆ ಕರೆಸಿದರು. ಫೌಂಡೇಶನ್ ಎರಡು ಸಲ ಹೋಯಿತು. ಎಲ್ಲ ಬಿಟ್ಟು ಒಂದನ್ನೇ ಹಿಡಿದ ಮೇಲೆ ಪಾಸಾದೆ. ದಯವಿಟ್ಟು ಹೀಗೆ ಮಾಡಬೇಡಿ.

ನಿಮಗೆ ಬೇರೆ ದಾರಿ ಉಂಟು. ಡಿಗ್ರಿ ಮುಗಿಸಿ ಫೌಂಡೇಶನ್ ಬರೆಯದೆ ನೇರ ಇಂಟರ್‌ಮೀಡಿಯೇಟಿಗೆ ಸೇರಬಹುದು. ಕಾಮರ್ಸ್ ಡಿಗ್ರಿ ಆದರೆ 55 ಪರ್ಸೆಂಟ್, ಬೇರೆ ಡಿಗ್ರಿ ಆದರೆ 60. ಅಂದರೆ ಬಿಎ ಎಕನಾಮಿಕ್ಸ್ ಆದರೂ ಸಿಎ ಬಾಗಿಲು ಮುಚ್ಚುವುದಿಲ್ಲ. ಆರ್ಟಿಕಲ್‌ಶಿಪ್ ಮೊದಲು ಮೂರು ವರ್ಷ ಇತ್ತು, ಈಗ ಎರಡು. ಆದರೆ ಒಂದು ಮಾತು. ನನ್ನ ದಿನ ಹೋಗುವುದು ಜಿಎಸ್‌ಟಿ ರಿಟರ್ನ್, ಆಡಿಟ್, ವೋಚರ್ ಟಿಕ್ ಹಾಕುವುದರಲ್ಲಿ. ನನಗೆ ಇದು ಇಷ್ಟ. ಒಂದು ಬ್ಯಾಲೆನ್ಸ್ ಶೀಟ್ ಟ್ಯಾಲಿ ಆದಾಗ ಮನಸ್ಸಿಗೆ ಹಾಯ್ ಅನಿಸುತ್ತದೆ. ಆದರೆ ಬಂಗುಡೆ ರೇಟು ಯಾಕೆ ಇಳಿಯಿತು ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಎಷ್ಟಕ್ಕೆ ಇಳಿಯಿತು, ಬಿಲ್ ಉಂಟಾ ಅಂತ ಕೇಳುತ್ತಾರೆ. ಮಾವ ಹೇಳಿದರು ಅಂತ ಸೇರಬೇಡಿ.

—

ಮಲ್ಪೆ ಹುಡುಗಿ:

ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳುವುದು ಅಂತ ಗೊತ್ತಾಗುತ್ತಿಲ್ಲ. ಕೊಣಾಜೆ ಅಕ್ಕ, ನಿಮ್ಮ ಹತ್ತನೇ ದಿನದ ಲೆಕ್ಕ ಅಪ್ಪನಿಗೆ ಓದಿ ಹೇಳಿದೆ. ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿದರು. "25,000 ಅಲ್ಲ, ಹತ್ತನೇ ದಿನಕ್ಕೆ ಇನ್ನೂ ಜಾಸ್ತಿ ಹೋಗುತ್ತದೆ. ಅಂಜಲ್ ಆದರೆ ಬೇರೆ, ಬಂಗುಡೆ ಆದರೆ ಬೇರೆ" ಅಂದರು. ಆಮೇಲೆ ಅರ್ಧ ಗಂಟೆ ಯಾವ ಮೀನು ಎಷ್ಟು ದಿನ ತಡೆಯುತ್ತದೆ ಅಂತ ಹೇಳಿದರು. ನಾನು ಬರೆದುಕೊಂಡೆ. ಇಷ್ಟು ದಿನ ನನ್ನ ಓದಿನ ಬಗ್ಗೆ ಅಪ್ಪ ಕೇಳುತ್ತಿದ್ದದ್ದು ಮಾರ್ಕ್ ಎಷ್ಟು ಅಂತ ಮಾತ್ರ.

ಬಿಎ ಅನ್ನುವುದಕ್ಕೆ ಅಮ್ಮ ಒಪ್ಪಿದ್ದಾರೆ. ಮಾವನ ಹತ್ತಿರ ಇನ್ನೂ ಮಾತಾಡಿಲ್ಲ. ಎಂಎ ಹೊರಗೆ ಮಾಡುವುದಾದರೆ ಸಾಲ ಬೇಕಾಗುತ್ತದೆ. ಮನೆ ಪತ್ರ ಅಡ ಇಡಬೇಕಾ ಅಂತ ಅಮ್ಮನಿಗೆ ಹೆದರಿಕೆ. ಬ್ಯಾಂಕಿನವರು ಸ್ವಲ್ಪ ಹೇಳುತ್ತೀರಾ?

—

ಕಟಪಾಡಿಯ ನಿವೃತ್ತ ಬ್ಯಾಂಕಿನವ:

ಅಮ್ಮನಿಗೆ ಹೆದರಬೇಡಿ ಅಂತ ಹೇಳು. ಎಜುಕೇಶನ್ ಲೋನ್ 4 ಲಕ್ಷದ ತನಕ ನಿಮ್ಮ ಕೈಯಿಂದ ಪಾಲು ಹಾಕಬೇಕಾಗಿಲ್ಲ. ಏಳೂವರೆ ಲಕ್ಷದ ತನಕ ಮನೆ ಪತ್ರ ಕೇಳುವ ಹಾಗಿಲ್ಲ. ಅಪ್ಪ ಅಥವಾ ಅಮ್ಮ ಜೊತೆಗೆ ಸಹಿ ಹಾಕಬೇಕು, ಅಷ್ಟೆ. ಓದು ಮುಗಿದು ಒಂದು ವರ್ಷದ ತನಕ ಕಂತು ಇಲ್ಲ. 2024ರ ನವೆಂಬರಿನಿಂದ ಪಿಎಂ ವಿದ್ಯಾಲಕ್ಷ್ಮಿ ಅಂತ ಬಂದಿದೆ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗೆ ಇದ್ದರೆ 10 ಲಕ್ಷದ ತನಕದ ಸಾಲಕ್ಕೆ, ಆ ಕಂತಿಲ್ಲದ ಅವಧಿಯಲ್ಲಿ ಬಡ್ಡಿಯಲ್ಲಿ 3 ಪರ್ಸೆಂಟ್ ಸರಕಾರ ಕೊಡುತ್ತದೆ. ಆದರೆ ಅವರ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ನೀನು ಸೇರುವ ಕಡೆ ಆ ಪಟ್ಟಿಯಲ್ಲಿ ಉಂಟಾ ಅಂತ ಮೊದಲೇ ನೋಡು.

ಲೆಕ್ಕ ಹೇಳುತ್ತೇನೆ, ಪುಸ್ತಕದಲ್ಲಿ ಬರೆದುಕೋ. 3 ಲಕ್ಷ ಸಾಲ, 10 ಪರ್ಸೆಂಟ್ ಬಡ್ಡಿ, ಏಳು ವರ್ಷ ಅಂದರೆ ತಿಂಗಳಿಗೆ ಸುಮಾರು 4,980. ಪೂರ್ತಿ ಕಟ್ಟುವಾಗ 4 ಲಕ್ಷ 18 ಸಾವಿರ. ಓದುವಾಗಿನ ಬಡ್ಡಿ ಇದರ ಮೇಲೆ. ಆ ಬಡ್ಡಿಯನ್ನು ಓದುತ್ತಿರುವಾಗಲೇ ತಿಂಗಳು ತಿಂಗಳು ಕಟ್ಟಲು ಸಾಧ್ಯ ಆದರೆ ಕಟ್ಟು. ಬಿಟ್ಟರೆ ಅದು ಅಸಲಿಗೆ ಸೇರುತ್ತದೆ, ಬಡ್ಡಿಗೆ ಬಡ್ಡಿ ಬೆಳೆಯುತ್ತದೆ. ನನ್ನ ಕೌಂಟರಿಗೆ ಬಂದು ಅತ್ತವರಲ್ಲಿ ಅರ್ಧ ಜನಕ್ಕೆ ಈ ಒಂದು ವಿಷಯ ಮೊದಲೇ ಯಾರೂ ಹೇಳಿರಲಿಲ್ಲ.

ಸ್ಕಾಲರ್‌ಶಿಪ್ಪಿಗೆ ನಮ್ಮ ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ. ಜಾತಿ, ಆದಾಯ ಸರ್ಟಿಫಿಕೇಟ್ ಈಗಲೇ ಮಾಡಿಸಿಡು. ಅಡ್ಮಿಷನ್ ಸಮಯದಲ್ಲಿ ನಾಡಕಚೇರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

—

ಕೊಣಾಜೆ ಬಸ್ಸಿನ ಅಕ್ಕ:

ತಂಗಿ, ಅಪ್ಪ ಹೇಳಿದ್ದನ್ನು ಬರೆದುಕೊಂಡೆ ಅಲ್ವಾ, ಅದನ್ನು ಬಿಸಾಡಬೇಡ. ಮುಂದೆ ಎಂಎಗೆ ಇಂಟರ್‌ವ್ಯೂ ಇರುವ ಕಡೆ ಅದೇ ನಿನ್ನ ಕೈ ಹಿಡಿಯುತ್ತದೆ.

ಎಂಎಗೆ ಎಲ್ಲೆಲ್ಲಿ ಅಂತ ಈಗಲೇ ಕಿವಿಯಲ್ಲಿ ಹಾಕಿಡು. ಕೊಣಾಜೆ ಇದ್ದೇ ಉಂಟು, ಮನೆಗೂ ಹತ್ತಿರ. ಬೆಂಗಳೂರಿನಲ್ಲಿ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಉಂಟು, 2017ರಲ್ಲಿ ಶುರುವಾದದ್ದು. ಪುಣೆಯಲ್ಲಿ ಗೋಖಲೆ ಇನ್‌ಸ್ಟಿಟ್ಯೂಟ್. ಮುಂಬೈಯಲ್ಲಿ ರಿಸರ್ವ್ ಬ್ಯಾಂಕ್ ಕಟ್ಟಿದ ಐಜಿಐಡಿಆರ್. ಐಐಟಿಗಳಿಗೆ ಹೋಗುವ ಜ್ಯಾಮ್ ಪರೀಕ್ಷೆಯಲ್ಲಿ 2021ರಿಂದ ಎಕನಾಮಿಕ್ಸ್ ಪೇಪರ್ ಬಂದಿದೆ. ಇದರ ಹಳೇ ಪ್ರಶ್ನೆಪತ್ರಿಕೆ ಡಿಗ್ರಿ ಎರಡನೇ ವರ್ಷದಲ್ಲಿ ತೆಗೆದು ನೋಡು, ಮೊದಲು ಬೇಡ. ಎಂಎ ಆದವರು ಯುಪಿಎಸ್‌ಸಿಯ ಇಂಡಿಯನ್ ಎಕನಾಮಿಕ್ ಸರ್ವಿಸ್ ಬರೆಯಬಹುದು. ಅದಕ್ಕೆ ಎಕನಾಮಿಕ್ಸಿನಲ್ಲಿ ಸ್ನಾತಕೋತ್ತರ ಪದವಿಯೇ ಬೇಕು, ಬಿಕಾಂ ಮಾತ್ರ ಆದವರಿಗೆ ಆಗುವುದಿಲ್ಲ. ಮಾವನ ಹತ್ತಿರ ಮಾತಾಡುವಾಗ ಇದನ್ನೂ ಹೇಳು.

ಈ ರಜೆಗೆ ಒಂದೇ ಕೆಲಸ. ಎನ್‌ಸಿಇಆರ್‌ಟಿಯ ಹನ್ನೊಂದನೇ ಕ್ಲಾಸಿನ ಮ್ಯಾಥ್ಸ್ ಪುಸ್ತಕ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಸೆಟ್, ಫಂಕ್ಷನ್ ಎರಡು ಪಾಠ ಮಾತ್ರ ಮಾಡು. ದಿನಕ್ಕೆ ಐದು ಲೆಕ್ಕ. ಸಿಕ್ಕಿಬಿದ್ದರೆ ಇಲ್ಲೇ ಫೋಟೋ ಹಾಕು, ನಾನು ರಾತ್ರಿ ಒಂಬತ್ತರ ನಂತರ ನೋಡುತ್ತೇನೆ. ಕನ್ನಡದಲ್ಲಿ ಓದಬೇಕು ಅನಿಸಿದರೆ ಕರ್ನಾಟಕ ಆರ್ಥಿಕ ಸಮೀಕ್ಷೆ ಕನ್ನಡದಲ್ಲೇ ಉಂಟು. ಅದರಲ್ಲಿ ಮೀನುಗಾರಿಕೆಯ ಭಾಗ ತೆಗೆದು, ನಿನ್ನ ಪುಸ್ತಕದ ಪಕ್ಕ ಇಟ್ಟುಕೊಂಡು ಓದು.

—

ಮಲ್ಪೆ ಹುಡುಗಿ:

ಅಕ್ಕ, ಇವತ್ತು ಐದು ಲೆಕ್ಕದಲ್ಲಿ ನಾಲ್ಕು ಆಯಿತು. ಐದನೆಯದ್ದರಲ್ಲಿ ಸಿಕ್ಕಿಬಿದ್ದಿದ್ದೇನೆ, ಫೋಟೋ ಹಾಕಿದ್ದೇನೆ. ಎರಡು ಕಾಲಮ್ ಮಾಡಿ ಕೂಡ ನೋಡಿದೆ, ಸದ್ಯಕ್ಕೆ ಅಕ್ಟೋಬರ್ ಮತ್ತು ನವೆಂಬರ್ ಮಾತ್ರ. ಬುಟ್ಟಿ ರೇಟು ಇಳಿದಾಗ ಅಮ್ಮನ ರೇಟು ಇಳಿಯಲು ಎರಡು ಮೂರು ದಿನ ಬೇಕಾಯಿತು. ಏರಿದಾಗ ಅವತ್ತೇ ಏರಿದೆ. ನಿಮ್ಮ ಅಂದಾಜು ಸರಿ. ಅಮ್ಮನಿಗೆ ತೋರಿಸಿದೆ. "ಇಳಿದಾಗ ಅವತ್ತೇ ಇಳಿಸಿದರೆ ಬಂದ್ ಇರುವ ಎರಡು ತಿಂಗಳು ನಿನ್ನ ಫೀಸು ಯಾರು ಕೊಡುವುದು?" ಅಂದರು. ಇದನ್ನು ಯಾವ ಕಾಲಮಿನಲ್ಲಿ ಬರೆಯುವುದು ಅಕ್ಕ?